ದೋಣಿಯ ಬಣ್ಣ ಕೆಟ್ಟದ್ದು ಲೇಪನದಿಂದಲೋ, ಬೆಳಕಿನಿಂದಲೋ?

ಬೋಟಿನ ಮೈಬಣ್ಣ ಮಾಸುವುದು, ನೀರಿನಡಿಯ ಬಣ್ಣ ಹಸಿರಾಗುವುದು, ತೇಪೆ ಹಾಕಿದ ಜಾಗ ರಾತ್ರಿ ಎದ್ದು ಕಾಣುವುದು ಮುಂತಾದವುಗಳ ಬಗ್ಗೆ ಕರಾವಳಿಯ ಓದುಗರು ಕೇಳಿದ ಪ್ರಶ್ನೆಗಳಿಗೆ ದೋಣಿ ಲೇಪನಗಳ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮದು ಫೈಬರ್ ಬೋಟ್. ಕಟ್ಟಿಸಿದಾಗ ಗಾಢ ನೀಲಿ ಬಣ್ಣವಿತ್ತು. ಈಗ ಸುಣ್ಣದ ನೀರು ಎರಚಿದ ಹಾಗೆ ಬಿಳಿಚಿಕೊಂಡಿದ್ದು, ಕೈಯಿಂದ ಸವರಿದರೆ ಪುಡಿ ಅಂಟುತ್ತದೆ. ಅಲೆ ಬಡಿದು ಒದ್ದೆಯಾದಾಗ ಮಾತ್ರ ಹಳೆಯ ನೀಲಿ ಕಾಣುತ್ತದೆ. ಪಕ್ಕದಲ್ಲೇ ಇರುವ ಬಿಳಿ ಬೋಟಿಗೆ ಏನೂ ಆಗಿಲ್ಲ. ಪೂರ್ತಿ ಹೊಸ ಬಣ್ಣ ಹೊಡೆಸಲೇಬೇಕು ಎಂದು ಪೇಂಟರ್ ಹೇಳುತ್ತಾರೆ. ಅದು ಸರಿಯೇ? (ಮಲ್ಪೆ)

ಉತ್ತರ: ಸದ್ಯಕ್ಕೆ ಬೇಡ. ಒದ್ದೆಯಾದಾಗ ಹಳೆಯ ನೀಲಿ ಮರಳಿ ಬರುತ್ತದೆ ಎಂಬ ನಿಮ್ಮ ಒಂದು ಮಾತಿನಲ್ಲೇ ಉತ್ತರವಿದೆ. ಬಣ್ಣದ ಕಣಗಳು ಸತ್ತಿದ್ದರೆ ಎಷ್ಟು ನೀರು ಹಾಕಿದರೂ ನೀಲಿ ಬರುತ್ತಿರಲಿಲ್ಲ. ಕೆಟ್ಟಿರುವುದು ಮೇಲ್ಮೈ ಮಾತ್ರ.

ಫೈಬರ್ ಬೋಟಿನ ಹೊರಮೈಯಲ್ಲಿರುವುದು ಜೆಲ್‌ಕೋಟ್, ಅಂದರೆ ಬಣ್ಣ ಬೆರೆಸಿದ ಪಾಲಿಯೆಸ್ಟರ್ ರೆಸಿನ್. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಮೊದಲು ಈ ರೆಸಿನ್ನನ್ನೇ ತಿನ್ನುತ್ತವೆ. ಕಣಗಳನ್ನು ಹಿಡಿದಿಟ್ಟಿದ್ದ ರೆಸಿನ್ ಸಡಿಲವಾದಂತೆ ಮೇಲ್ಪದರ ಪುಡಿಯಾಗುತ್ತದೆ, ಮೊದಲು ಕನ್ನಡಿಯಂತಿದ್ದ ಮೈ ಒರಟಾಗುತ್ತದೆ. ನಯವಾದ ರೆಸಿನ್ ಮೇಲೆ ನೇರವಾಗಿ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡ 4ರಷ್ಟು ಒಳಗೆ ಹೋಗದೆ ಮೇಲಿನಿಂದಲೇ ಹಿಂದಿರುಗುತ್ತದೆ. ಮೈ ನಯವಾಗಿದ್ದಾಗ ಅಷ್ಟೂ ಬೆಳಕು ಒಂದೇ ದಿಕ್ಕಿಗೆ ಹೋಗಿ ಹೊಳಪಾಗಿ ಕಾಣುತ್ತದೆ. ಒರಟಾದಾಗ ಎಲ್ಲ ದಿಕ್ಕಿಗೂ ಚೆದುರಿ, ನೀವು ಎಲ್ಲಿ ನಿಂತು ನೋಡಿದರೂ ಬಣ್ಣದ ಜೊತೆ ಬಿಳಿಯಾಗಿ ಬೆರೆಯುತ್ತದೆ. ಗಾಢ ನೀಲಿ ತಾನಾಗಿ ಹಿಂದಿರುಗಿಸುವ ಬೆಳಕೇ ಬಹಳ ಕಡಿಮೆಯಾದ್ದರಿಂದ, ಅದಕ್ಕೆ ಇಷ್ಟು ಬಿಳಿ ಬೆರೆತರೆ ಬಣ್ಣವೇ ಬದಲಾದಂತೆ ಕಾಣುತ್ತದೆ. ಪಕ್ಕದ ಬೋಟಿನ ಬಿಳಿ ಬಣ್ಣಕ್ಕೆ ಅಷ್ಟೇ ಬಿಳಿ ಸೇರಿದರೂ ಕಣ್ಣಿಗೆ ತಿಳಿಯುವುದಿಲ್ಲ. ಆ ಬೋಟಿನ ಮೈಯೂ ಪುಡಿಯಾಗಿರಬಹುದು. ಕಪ್ಪು ಬಟ್ಟೆಯಿಂದ ಒಮ್ಮೆ ಒರೆಸಿ ನೋಡಿ. ನೀರು ಬಿದ್ದಾಗ ಆ ಸಣ್ಣ ಕುಳಿಗಳೆಲ್ಲ ತುಂಬಿಕೊಳ್ಳುತ್ತವೆ. ನೀರಿಗೂ ರೆಸಿನ್‌ಗೂ ನಡುವೆ ಹಿಂದಿರುಗುವ ಬೆಳಕು ಸುಮಾರು ಶೇಕಡ ಅರ್ಧದಷ್ಟೇ ಆದ್ದರಿಂದ ಚೆದುರುವಿಕೆ ನಿಂತು ಒಳಗಿನ ನೀಲಿ ಕಾಣಿಸುತ್ತದೆ.

ಆದ್ದರಿಂದ ಮೊದಲು ಬೋಟನ್ನು ಸಿಹಿನೀರಿನಲ್ಲಿ ತೊಳೆದು, ಉಪ್ಪು ಪೂರ್ತಿ ಹೋದ ಮೇಲೆ ಒಂದು ಚದರ ಅಡಿ ಜಾಗವನ್ನು ಮಾತ್ರ ರಬ್ಬಿಂಗ್ ಕಾಂಪೌಂಡ್‌ನಿಂದ (ಮೈಯನ್ನು ನವಿರಾಗಿ ಸವೆಸಿ ನಯಗೊಳಿಸುವ ಲೇಪ) ಉಜ್ಜಿಸಿ ನೋಡಿ. ಒಣಗಿದ ಮೇಲೂ ನೀಲಿ ಉಳಿದರೆ ಇಡೀ ಬೋಟಿಗೆ ಅದೇ ಕೆಲಸ ಮಾಡಿಸಿ, ಮೇಲೆ ಮೇಣ ಹಚ್ಚಿಸಿ. ಮೇಣ ಬಹುಕಾಲ ಬಾಳುವುದಿಲ್ಲ, ಮತ್ತೆ ಮತ್ತೆ ಹಚ್ಚಬೇಕಾಗುತ್ತದೆ. ಅದನ್ನು ಬಿಟ್ಟು ಪ್ರತಿ ಬಾರಿ ಕಾಂಪೌಂಡ್ ಹಾಕಿ ಉಜ್ಜುತ್ತಾ ಹೋದರೆ ಇರುವ ಅರ್ಧ ಮಿಲಿಮೀಟರ್ ಸವೆದು ಕೆಳಗಿನ ನಾರು ಕಾಣಿಸಿಕೊಳ್ಳುತ್ತದೆ. ಪಾಲಿಶ್ ಕೊಳ್ಳುವಾಗ ಸಿಲಿಕೋನ್ ಇಲ್ಲದ್ದನ್ನೇ ಕೇಳಿ. ಸಿಲಿಕೋನ್ ಒಮ್ಮೆ ಮೈಗೆ ಹಿಡಿದರೆ ಮುಂದೆ ಹೊಡೆಯುವ ಬಣ್ಣ ಸಮನಾಗಿ ಹರಡದೆ ಅಲ್ಲಲ್ಲಿ ಕುಳಿ ಬೀಳುತ್ತದೆ.

ಮುಂದೆ ಎಂದಾದರೂ ಹೊಸ ಬಣ್ಣ ಹೊಡೆಸುವುದೇ ಆದರೆ ನೀರಿನ ಗೆರೆಯ ಮೇಲ್ಭಾಗಕ್ಕೆ ಎಪಾಕ್ಸಿ ಎಂಬ ರೆಸಿನ್ ಬಣ್ಣವನ್ನು ಕೊನೆಯ ಕೋಟ್ ಆಗಿ ಬಿಡಬೇಡಿ. ನೀರನ್ನು ತಡೆಯುವುದರಲ್ಲಿ ಎಪಾಕ್ಸಿ ಗಟ್ಟಿಯಾದರೂ ಬಿಸಿಲಿಗೆ ಜೆಲ್‌ಕೋಟ್‌ಗಿಂತ ಬೇಗ ಪುಡಿಯಾಗುತ್ತದೆ. ಅದರ ಮೇಲೆ ಬಿಸಿಲು ತಡೆಯುವ, ಹಾರ್ಡನರ್ (ಬಣ್ಣವನ್ನು ಗಟ್ಟಿಯಾಗಿಸುವ ದ್ರವ) ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಕೋಟ್ ಇರಲೇಬೇಕು. ಇದರ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡಬಲ್ಲದು. ಮುಖಕ್ಕೆ ಕರ್ಚೀಫ್ ಕಟ್ಟಿಕೊಂಡು ಸ್ಪ್ರೇ ಮಾಡುವ ಹುಡುಗರನ್ನು ಕಂಡಾಗ ಸಂಕಟವಾಗುತ್ತದೆ. ಹೊರಗಿನ ಶುದ್ಧ ಗಾಳಿ ಕೊಡುವ ಮಾಸ್ಕ್ ಇಲ್ಲದಿದ್ದರೆ ಬ್ರಷ್ ಅಥವಾ ರೋಲರ್‌ನಲ್ಲೇ ಹೊಡೆಸಿ, ಹೊಳಪು ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ.

ಪ್ರಶ್ನೆ: ಮಳೆಗಾಲದ ರಜೆಯಲ್ಲಿ ಹೊಡೆಸಿದ ಕಡುಹಸಿರು ಬಣ್ಣ ಮರುದಿನ ಬೆಳಿಗ್ಗೆಯೇ ಹಾಲು ಬೆರೆತಂತೆ ಮಂಕಾಗಿತ್ತು. ಡಬ್ಬಿಯಲ್ಲೇ ದೋಷವಿತ್ತೇ? (ಮಂಗಳೂರು)

ಉತ್ತರ: ಡಬ್ಬಿಯ ಮೇಲೆ ನನಗೆ ಅನುಮಾನವಿಲ್ಲ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ ಇರುವುದರಿಂದ ಬೋಟು ಕೈಗೆ ಸಿಗುವುದು ಆ 61 ದಿನಗಳಲ್ಲೇ, ಆದರೆ ನಮ್ಮ ಕರಾವಳಿಯಲ್ಲಿ ಬಣ್ಣ ಹೊಡೆಯಲು ಅದಕ್ಕಿಂತ ಕೆಟ್ಟ ಕಾಲ ಮತ್ತೊಂದಿಲ್ಲ. ಬಣ್ಣ ಇನ್ನೂ ಹಸಿಯಿರುವಾಗ ಮೈಮೇಲೆ ಇಬ್ಬನಿ ಕಟ್ಟಿದರೆ ಅಥವಾ ಹಾರ್ಡನರ್ ಗಾಳಿಯ ತೇವದೊಡನೆ ಸೇರಿಕೊಂಡರೆ ಮೇಲ್ಪದರ ಮಂಜಾಗುತ್ತದೆ, ಗಾಢ ಬಣ್ಣಗಳಲ್ಲಿ ಅದು ಹೆಚ್ಚು ಕಾಣುತ್ತದೆ. ಗಾಳಿಯ ತೇವಾಂಶ ಶೇಕಡ 85ಕ್ಕಿಂತ ಕಡಿಮೆಯಿರಬೇಕು, ಬೋಟಿನ ಮೈಯ ಉಷ್ಣತೆ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕು ಎಂಬುದು ಈ ಕೆಲಸದ ನಿಯಮ. ಮಳೆ ಬಿಟ್ಟ ದಿನ, ಮಾಡಿನ ಕೆಳಗೆ, ಬೆಳಿಗ್ಗೆ ಹತ್ತರ ನಂತರ ಆರಂಭಿಸಿ ಮಧ್ಯಾಹ್ನದೊಳಗೆ ಮುಗಿಸಿದರೆ ಸಂಜೆಯ ತೇವ ಬರುವಷ್ಟರಲ್ಲಿ ಪದರ ಗಟ್ಟಿಯಾಗಿರುತ್ತದೆ. ಈಗ ಆಗಿರುವ ಮಂಕು ಮೇಲಿನದ್ದಷ್ಟೇ ಆಗಿದ್ದರೆ, ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಪಾಲಿಶ್ ಮಾಡಿದರೆ ಹೋಗುತ್ತದೆ.

ಪ್ರಶ್ನೆ: ಬೋಟಿನ ಅಡಿಗೆ ಕೆಂಪು ಬಣ್ಣ ಹೊಡೆಸಿದ್ದೆವು. ಮೇಲೆ ಎಳೆದು ನಿಲ್ಲಿಸಿದ ಕೆಲವು ದಿನಗಳಲ್ಲಿ ಅದು ಅಲ್ಲಲ್ಲಿ ಹಸಿರಾಗಿದೆ. ಕಲಬೆರಕೆ ಬಣ್ಣ ಕೊಟ್ಟಿರಬಹುದೇ? ಅಡಿಗೆ ಒಳ್ಳೆಯ ತಿಳಿನೀಲಿ ಬಣ್ಣ ಏಕೆ ಸಿಗುವುದಿಲ್ಲ? (ಗಂಗೊಳ್ಳಿ)

ಉತ್ತರ: ಹಸಿರಾದದ್ದು ಕಲಬೆರಕೆಯ ಗುರುತಲ್ಲ, ಅದರಲ್ಲಿ ತಾಮ್ರವಿದೆ ಎಂಬುದರ ಗುರುತು. ಪಾಚಿ ಮತ್ತು ಬಾರ್ನಕಲ್ ಚಿಪ್ಪುಗಳು ಅಂಟದಂತೆ ಅಡಿಗೆ ಹೊಡೆಯುವ ಬಣ್ಣಗಳಲ್ಲಿ ಹೆಚ್ಚಿನವು ಕ್ಯೂಪ್ರಸ್ ಆಕ್ಸೈಡ್ ಎಂಬ ತಾಮ್ರದ ಸಂಯುಕ್ತದಿಂದಲೇ ಕೆಲಸ ಮಾಡುತ್ತವೆ, ಮತ್ತು ಆ ಪುಡಿಯ ಸಹಜ ಬಣ್ಣವೇ ಇಟ್ಟಿಗೆಗೆಂಪು. ನೀರಿನಲ್ಲಿರುವಾಗ ತಾಮ್ರ ಸ್ವಲ್ಪಸ್ವಲ್ಪವಾಗಿ ಕರಗಿ ಹೊರಬರುತ್ತಿರುತ್ತದೆ. ಬೋಟನ್ನು ಮೇಲೆ ಎಳೆದಾಗ ಮೈಮೇಲಿನ ತಾಮ್ರ, ಉಪ್ಪು, ತೇವ ಮತ್ತು ಗಾಳಿ ಒಟ್ಟು ಸೇರಿ, ಹಳೆಯ ತಾಮ್ರದ ಕೊಡಕ್ಕೆ ಹಿಡಿಯುವ ಕಿಲುಬಿನ ಬಗೆಯ ಹಸಿರು ಪದರ ಉಂಟಾಗುತ್ತದೆ. ಸಿಹಿನೀರು ಹಾಕಿ ಒದ್ದೆ ಬಟ್ಟೆಯಿಂದ ಒರೆಸಿದಾಗ ಕೆಳಗೆ ಕೆಂಪು ಕಂಡರೆ ಬಣ್ಣ ಇನ್ನೂ ಇದೆ. ಪ್ರೈಮರ್, ಅಂದರೆ ಬಣ್ಣದ ಕೆಳಗಿನ ಮೊದಲ ಲೇಪ, ಕಂಡರೆ ಹೊಸ ಕೋಟ್ ಬೇಕು. ಒಣ ಉಪ್ಪುಕಾಗದದಿಂದ ಮಾತ್ರ ಉಜ್ಜಿಸಬೇಡಿ. ಆ ಪುಡಿ ವಿಷಕಾರಿ, ಉಜ್ಜುವುದಿದ್ದರೆ ನೀರು ಹಾಕಿಯೇ ಉಜ್ಜಬೇಕು.

ತಿಳಿ ಬಣ್ಣ ಸಿಗದಿರುವುದಕ್ಕೂ ಈ ಕೆಂಪೇ ಕಾರಣ. ಕೆಂಪು ಪುಡಿಗೆ ಯಾವ ಬಣ್ಣ ಬೆರೆಸಿದರೂ ಕಂದು, ಕಪ್ಪು ಅಥವಾ ಮಾಸಲು ನೀಲಿಯಾಗುತ್ತದೆಯೇ ಹೊರತು ತಿಳಿಯಾಗುವುದಿಲ್ಲ. ತಿಳಿ ಬಣ್ಣ ಬೇಕೇ ಬೇಕೆಂದರೆ ಬಿಳುಪಾಗಿರುವ ಕ್ಯೂಪ್ರಸ್ ಥಯೊಸಯನೇಟ್ ಬಳಸಿದ ಬಣ್ಣ ತರಿಸಬೇಕು. ಅಲ್ಯೂಮಿನಿಯಂ ದೋಣಿಯಿದ್ದವರು ಮಾತ್ರ ಕ್ಯೂಪ್ರಸ್ ಆಕ್ಸೈಡ್ ಬಣ್ಣವನ್ನು ಮುಟ್ಟಲೇಬಾರದು, ಏಕೆಂದರೆ ತಾಮ್ರದ ಸಂಪರ್ಕಕ್ಕೆ ಬಂದ ಅಲ್ಯೂಮಿನಿಯಂ ಉಪ್ಪುನೀರಿನಲ್ಲಿ ಬೇಗ ಕೊರೆದುಹೋಗುತ್ತದೆ. ಹಳೆಯ ದಾಸ್ತಾನಿನಲ್ಲಿ ಟ್ರೈಬ್ಯುಟೈಲ್ ಟಿನ್ ಎಂಬ ತವರದ ಸಂಯುಕ್ತವಿರುವ ಬಣ್ಣ ಸಿಕ್ಕರೆ ಅದನ್ನೂ ಬೇಡ ಎನ್ನಿ. ಚಿಪ್ಪುಜೀವಿಗಳ ಸಂತತಿಯನ್ನೇ ಕೆಡಿಸುತ್ತದೆ ಎಂಬ ಕಾರಣಕ್ಕೆ 2001ರಲ್ಲಿ ರೂಪುಗೊಂಡು 2008ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದ ಅದನ್ನು ನಿಷೇಧಿಸಿದೆ.

ಬಣ್ಣವನ್ನೇ ಅಳತೆಗೋಲಾಗಿ ಬಳಸುವ ಒಂದು ಒಳ್ಳೆಯ ಕ್ರಮವಿದೆ. ಸವೆಯುತ್ತಾ ಹೋಗುವ ಬಗೆಯ ಬಣ್ಣವಾದರೆ ಮೊದಲ ಕೋಟ್ ಕೆಂಪು, ಮೇಲಿನ ಕೋಟ್‌ಗಳು ಕಪ್ಪು ಇರಲಿ. ಕಪ್ಪು ಸವೆದು ಕೆಂಪು ಇಣುಕಿದಾಗ ಮುಂದಿನ ಬಾರಿ ಬೋಟ್ ಎಳೆದಾಗ ಬಣ್ಣ ಬೇಕು ಎಂದು ಲೆಕ್ಕ. ಆದರೆ ಇದನ್ನು ಬೋಟು ಮೇಲಿರುವಾಗಲೇ ನೋಡಿ. ನೀರು ಕೆಂಪು ಬೆಳಕನ್ನು ಕೆಲವೇ ಮೀಟರ್ ಆಳದಲ್ಲಿ ಹೀರಿಕೊಳ್ಳುವುದರಿಂದ, ಬೋಟಿನ ಫ್ಯಾನಿಗೆ (ಪ್ರೊಪೆಲ್ಲರ್‌ಗೆ) ಸಿಕ್ಕಿದ ಬಲೆ ಬಿಡಿಸಲು ಮುಳುಗಿದವರು ಅಡಿಯ ಬಣ್ಣ ಕಪ್ಪಾಗಿದೆ ಎಂದು ಹೇಳಿದರೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಪ್ರಶ್ನೆ: ಬೋಟಿನ ಬಲಬದಿಗೆ ಪೆಟ್ಟಾಗಿ ರಿಪೇರಿ ಮಾಡಿಸಿ, ಅಂಗಡಿಯಲ್ಲಿ ಹೊಂದಿಸಿ ತಂದ ನೀಲಿಯನ್ನೇ ಹೊಡೆಸಿದೆವು. ಹಗಲಿನಲ್ಲಿ ಗುರುತೇ ಸಿಗುವುದಿಲ್ಲ. ರಾತ್ರಿ ದಕ್ಕೆಯ ದೀಪದಲ್ಲಿ ಆ ಜಾಗ ಬೇರೆಯೇ ಬಣ್ಣವಾಗಿ ಕಾಣುತ್ತದೆ. ಏಕೆ? (ಕಾರವಾರ)

ಉತ್ತರ: ಎರಡು ನೀಲಿಗಳು ಒಂದೇ ಪುಡಿಯಿಂದ ಆದವಲ್ಲ ಎಂಬುದು ಇದರ ಅರ್ಥ. ಹಳೆಯದರಲ್ಲಿ ಅಲ್ಟ್ರಾಮರೀನ್, ಹೊಸದರಲ್ಲಿ ಥಾಲೊಸಯನೀನ್ ನೀಲಿ ಇದ್ದಿರಬಹುದು. ಅಲ್ಟ್ರಾಮರೀನ್ ನೀಲಿಯ ಜೊತೆಗೆ ಕಡುಗೆಂಪನ್ನೂ ಸ್ವಲ್ಪ ಹಿಂದಿರುಗಿಸುತ್ತದೆ. ಥಾಲೊಸಯನೀನ್ ಕೆಂಪನ್ನು ನುಂಗಿಬಿಡುತ್ತದೆ. ಹಗಲಿನ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಸಾಕಷ್ಟು ಇರುವುದರಿಂದ ಎರಡರ ಒಟ್ಟು ಮೊತ್ತ ಕಣ್ಣಿಗೆ ಒಂದೇ ಆಗುವಂತೆ ಹೊಂದಿಸಬಹುದು. ದೀಪ ಬದಲಾದರೆ ಆ ಹೊಂದಿಕೆ ಮುರಿಯುತ್ತದೆ. ಕೆಂಪು ಹೆಚ್ಚಿರುವ ಹಳದಿ ಬಲ್ಬಿನಡಿ ಒಂದು ನೀಲಿ ನೇರಳೆಯತ್ತ ವಾಲುತ್ತದೆ, ಇನ್ನೊಂದು ಹಸಿರಿನತ್ತ. ಬಿಳಿ ಎಲ್‌ಇಡಿ ದೀಪಗಳಲ್ಲಿ 450 ನ್ಯಾನೋಮೀಟರ್ ಸುತ್ತಮುತ್ತಲಿನ ನೀಲಿ ಬಹಳ, ಕಡುಗೆಂಪು ಕಡಿಮೆ. ಹಳೆಯ ಸೋಡಿಯಂ ದೀಪಗಳ ಕೆಳಗಂತೂ ಬಣ್ಣದ ಮಾತೇ ಆಡುವಂತಿಲ್ಲ. ಅವುಗಳ ಬೆಳಕು ಬಹುಪಾಲು ಹಳದಿಯೇ ಆದ್ದರಿಂದ ಅಲ್ಲಿ ಕಡುನೀಲಿ ಕಪ್ಪಾಗಿ ಕಾಣುತ್ತದೆ.

ಟ್ಯೂಬ್‌ಲೈಟ್ ಕೆಳಗೆ, ಮೇಜಿನ ಮೇಲೆ ಮಲಗಿಸಿದ ಕಾರ್ಡ್ ನೋಡಿ ಬೋಟಿನ ಬಣ್ಣ ಆರಿಸುವ ಅಭ್ಯಾಸವನ್ನು ನಾವು ಬಿಡಲೇಬೇಕು. ಬೋಟಿನ ಮೈ ನೆಟ್ಟಗೆ ನಿಂತಿರುತ್ತದೆ, ಬಾಗಿರುತ್ತದೆ. ಅದಕ್ಕೆ ಮೇಲಿನಿಂದ ಆಕಾಶದ ಬೆಳಕೂ ಕೆಳಗಿನಿಂದ ನೀರಿನ ಬೆಳಕೂ ಬೀಳುತ್ತದೆ. ಮುಂಭಾಗದಲ್ಲಿ ಮೈ ಹೊರಕ್ಕೆ ಚಾಚಿ ಕೆಳಮುಖವಾಗಿರುವಲ್ಲಿ ಆಕಾಶಕ್ಕಿಂತ ನೀರಿನ ಪಾಲೇ ಹೆಚ್ಚಾದ್ದರಿಂದ ಅದೇ ಬಣ್ಣ ಅಲ್ಲಿ ಕಪ್ಪಾಗಿ, ಬಂದರಿನ ನೀರು ಹಸಿರಾಗಿದ್ದರೆ ಹಸಿರು ಛಾಯೆಯಲ್ಲಿ ಕಾಣುತ್ತದೆ. ಬೇರೆ ಡಬ್ಬಿಯ ಬಣ್ಣ ಹೊಡೆದಿದ್ದಾರೆ ಎಂದು ಇದಕ್ಕಾಗಿಯೇ ಪೇಂಟರ್ ಜೊತೆ ಜಗಳವಾಡಿದವರಿದ್ದಾರೆ, ತಪ್ಪು ಪೇಂಟರ್‌ದಲ್ಲ.

ಮುಂದಿನ ಬಾರಿ ಮೊದಲು ಹಳೆಯ ಮೈಯನ್ನು ಪಾಲಿಶ್ ಮಾಡಿಸಿ, ಏಕೆಂದರೆ ಬಿಳಿಚಿದ ಮೈಗೆ ಹೊಂದಿಸಿ ತಂದ ಬಣ್ಣ ಮುಂದೆ ಪಾಲಿಶ್ ಆದ ದಿನವೇ ಬೇರೆಯಾಗಿ ಕಾಣುತ್ತದೆ. ಬಳಿಕ ಅಂಗೈ ಅಗಲದ ಫೈಬರ್ ತುಂಡಿಗೆ ಅದೇ ಪ್ರೈಮರ್, ಅದರ ಮೇಲೆ ಎರಡು ಕೋಟ್ ಬಣ್ಣ ಹೊಡೆಸಿ, ಒಣಗಿದ ಮೇಲೆ ರಿಪೇರಿಯಾದ ಜಾಗದ ಪಕ್ಕದಲ್ಲಿ ನೆಟ್ಟಗೆ ಹಿಡಿದು ನೋಡಿ: ಬೆಳಿಗ್ಗೆ ನೇರ ಬಿಸಿಲು ಬೀಳದ ನೆರಳಿನಲ್ಲಿ ಒಮ್ಮೆ, ರಾತ್ರಿ ದಕ್ಕೆಯ ದೀಪದಲ್ಲಿ ಒಮ್ಮೆ, ನೀರು ಎರಚಿ ಒಮ್ಮೆ. ಪ್ರೈಮರ್ ಅದೇ ಇರಬೇಕು ಎನ್ನಲು ಕಾರಣವಿದೆ. ಹಳದಿ, ಕೆಂಪಿನಂಥ ಬಣ್ಣಗಳು ತೆಳ್ಳಗಾದರೆ ಕೆಳಗಿನ ಪ್ರೈಮರ್ ಬಣ್ಣ ಮೇಲೆ ತೋರುತ್ತದೆ. ಮೊಬೈಲಿನಲ್ಲಿ ತೆಗೆದ ಫೋಟೊ ಕಳಿಸಿ ಬಣ್ಣ ತರಿಸಬೇಡಿ, ಕ್ಯಾಮೆರಾ ತನ್ನಷ್ಟಕ್ಕೇ ಬಿಳಿಯನ್ನು ಸರಿಹೊಂದಿಸಿಕೊಂಡು ಎಲ್ಲ ಬಣ್ಣಗಳನ್ನೂ ಬದಲಿಸಿರುತ್ತದೆ. ಈಗ ಆಗಿರುವುದನ್ನು ಸರಿಪಡಿಸಬೇಕೆಂದರೆ ತೇಪೆಯಷ್ಟೇ ಜಾಗಕ್ಕೆ ಹೊಡೆಯದೆ, ಮೇಲಿನ ಪಟ್ಟಿಯಿಂದ ನೀರಿನ ಗೆರೆಯವರೆಗೆ ಆ ಬದಿಯನ್ನು ಪೂರ್ತಿ ಹೊಡೆಸಿ. ಎರಡು ಬದಿಗಳನ್ನು ಯಾರೂ ಒಟ್ಟಿಗೆ ನೋಡಲಾರರು.

ಪ್ರಶ್ನೆ: ಕ್ಯಾಬಿನ್‌ಗೆ ಹೊಡೆಸಿದ ಹೊಳೆಯುವ ಕಿತ್ತಳೆ ಬಣ್ಣ ಒಂದೇ ವರ್ಷದಲ್ಲಿ ಸಪ್ಪೆಯಾಯಿತು. ಮೇಲೆ ಕ್ಲಿಯರ್ ಕೋಟ್ ಹೊಡೆದರೆ ಉಳಿಯುತ್ತದೆಯೇ? (ಭಟ್ಕಳ)

ಉತ್ತರ: ಸ್ವಲ್ಪ ಕಾಲ ಹೆಚ್ಚು ಉಳಿಯುತ್ತದೆ, ಹಾಗೆಯೇ ಉಳಿಯುವುದಿಲ್ಲ. ನಿಮ್ಮದು ಫ್ಲೋರೊಸೆಂಟ್ ಬಣ್ಣವಿರಬೇಕು. ಅದು ಕಣ್ಣು ಕುಕ್ಕುವುದು ನೇರಳಾತೀತ, ನೀಲಿ ಮತ್ತು ಹಸಿರು ಬೆಳಕನ್ನು ಹೀರಿ ಅದನ್ನೇ ಕಿತ್ತಳೆಯಾಗಿ ಹೊರಬಿಡುವುದರಿಂದ. ಆ ಬೆಳಕೇ ಕ್ರಮೇಣ ಅದರ ವರ್ಣಕಣವನ್ನು ಒಡೆದುಹಾಕುತ್ತದೆ. ನೇರಳಾತೀತ ಕಿರಣ ತಡೆಯುವ ಕ್ಲಿಯರ್ ಕೋಟ್ ಹೊಳಪನ್ನು ತುಸು ತಗ್ಗಿಸಿ ಆಯುಷ್ಯವನ್ನು ಹೆಚ್ಚಿಸುತ್ತದೆ. ಕೆಳಗೆ ಬಿಳಿ ಕೋಟ್ ಇರುವುದೂ ಅಷ್ಟೇ ಮುಖ್ಯ, ಅದಿಲ್ಲದಿದ್ದರೆ ಮೊದಲ ದಿನವೇ ಅರ್ಧ ಹೊಳಪು ಹೋಗಿರುತ್ತದೆ. 2008ರ ಮುಂಬೈ ದಾಳಿಯ ನಂತರ ಕರಾವಳಿ ರಾಜ್ಯಗಳ ಮೀನುಗಾರಿಕಾ ದೋಣಿಗಳಿಗೆ ಬಣ್ಣಗಳನ್ನು ಗೊತ್ತುಪಡಿಸಲಾಗಿರುವುದರಿಂದ, ಬಣ್ಣ ಬದಲಿಸುವ ಮೊದಲು ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿಕೊಳ್ಳಿ.

ನನ್ನ ಸಲಹೆಯೆಂದರೆ, ನಿಯಮ ಒಪ್ಪಿದರೆ ಇಡೀ ಕ್ಯಾಬಿನ್‌ಗೆ ಸಾಮಾನ್ಯ ಕಿತ್ತಳೆ ಪಾಲಿಯುರೆಥೇನ್ ಹೊಡೆಸಿ, ಫ್ಲೋರೊಸೆಂಟ್ ಬಣ್ಣವನ್ನು ವರ್ಷ ವರ್ಷ ಹೊಸದಾಗಿ ಹಚ್ಚಬಹುದಾದ ಮಾಡಿನಂಥ ಸಣ್ಣ ಭಾಗಕ್ಕೆ ಮಾತ್ರ ಇಡಿ. ಹುಡುಕಾಟದ ವೇಳೆ ಹೆಲಿಕಾಪ್ಟರ್‌ಗೆ ಮೊದಲು ಕಾಣುವುದು ಅದೇ. ಕತ್ತಲಾಗುತ್ತಾ ಬಂದಂತೆ ನಮ್ಮ ಕಣ್ಣಿಗೆ ಕೆಂಪು ಮತ್ತು ಕಿತ್ತಳೆ ಬಣ್ಣಗಳು ನೀಲಿ, ಹಸಿರಿಗಿಂತ ಬೇಗ ಕಪ್ಪಾಗುತ್ತವೆ. ಹಾಗಾಗಿ ಬೋಟಿನ ಹೆಸರು ಮತ್ತು ನೋಂದಣಿ ಸಂಖ್ಯೆಯ ಪಕ್ಕದಲ್ಲಿ, ಕ್ಯಾಬಿನ್‌ನ ನಾಲ್ಕೂ ಬದಿಯಲ್ಲಿ, ಟಾರ್ಚ್ ಬೆಳಕಿಗೆ ಹೊಳೆಯುವ ರಿಫ್ಲೆಕ್ಟರ್ ಟೇಪನ್ನು ಅಂಟಿಸಿ.