ಬೆಡ್ ಸೋರ್‌ಗೆ ಸಿಲಿಕೋನ್ ಫೋಮ್ ಡ್ರೆಸ್ಸಿಂಗ್ ಹಾಕಿದರೆ ದಿನಾ ಬಿಚ್ಚಿ ನೋಡಬೇಕಾ?

ಅಮ್ಮ ಹಾಸಿಗೆ ಹಿಡಿದಿದ್ದಾರೆ, ಬೆನ್ನಿನ ಬುಡದಲ್ಲಿ ಹುಣ್ಣಾಗಿದೆ, ಗಾಜ್ ಬಟ್ಟೆಯ ಬದಲು ಸಿಲಿಕೋನ್ ಫೋಮ್ ಹಾಕಿ ಮೂರ್ನಾಲ್ಕು ದಿನ ಮುಟ್ಟಬೇಡಿ ಅಂದಿದ್ದಾರೆ, ಅಷ್ಟು ದಿನ ಮುಚ್ಚಿಟ್ಟರೆ ಒಳಗೆ ಕೊಳೆಯುವುದಿಲ್ವಾ ಅಂತ ಕೇಳಿದ್ದೀರಿ. ನಾನು ನರ್ಸ್, ಗಾಯಕ್ಕೆ ಡ್ರೆಸ್ಸಿಂಗ್ ಮಾಡುವುದೇ ನನ್ನ ಕೆಲಸ. ಈ ಭಯ ಹೆಚ್ಚುಕಮ್ಮಿ ಎಲ್ಲ ಮನೆಯವರಿಗೂ ಇರುತ್ತದೆ. ಸೋಂಕಿಲ್ಲದ ಗಾಯವಾದರೆ ಕೊಳೆಯುವುದಿಲ್ಲ. ದಿನಾ ಬಿಚ್ಚಿದರೇ ತೊಂದರೆ ಜಾಸ್ತಿ.

ಒಣ ಗಾಜ್ ಹಸಿ ಗಾಯಕ್ಕೆ ಕಚ್ಚಿಕೊಳ್ಳುತ್ತದೆ. ಎಳೆದಾಗ ಆಗಷ್ಟೇ ಮೂಡಿದ ಹೊಸ ಚರ್ಮವೂ ಕಿತ್ತು ಬರುತ್ತದೆ. ಗಾಯವನ್ನು ಗಾಳಿಗೆ ಬಿಟ್ಟು ಒಣಗಿಸಬೇಕು ಅನ್ನುವ ನಂಬಿಕೆಯೂ ಹಳೆಯದಾಯಿತು. 1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೈಮೇಲಿನ ಗಾಯಗಳನ್ನು ಹೋಲಿಸಿ ನೋಡಿದರು. ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ ತೇವ ಉಳಿಸಿದ ಕಡೆ, ಹಕ್ಕಳೆ ಕಟ್ಟಿದ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬೇಗ ಹೊಸ ಚರ್ಮ ಹರಡಿತ್ತು.

ಹೆಸರು ಸಿಲಿಕೋನ್ ಫೋಮ್ ಅಂತಿದ್ದರೂ ಇವುಗಳಲ್ಲಿ ಫೋಮ್ ಸಾಮಾನ್ಯವಾಗಿ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನದು. ಮೈಗೆ ತಾಗುವ ಪದರ ಮಾತ್ರ ಸಿಲಿಕೋನ್, ಅದರಲ್ಲಿ ಸಣ್ಣ ಸಣ್ಣ ತೂತುಗಳಿರುತ್ತವೆ. ಗಾಯದಿಂದ ಒಸರುವ ನೀರು, ಅಂದರೆ ರಸಿಗೆ, ಆ ತೂತುಗಳಿಂದ ಮೇಲೆ ಹೋಗಿ ಫೋಮ್‌ನಲ್ಲಿ ಇಂಗುತ್ತದೆ. ಹೊರಗಿನ ಹಾಳೆ ನೀರನ್ನು ಒಳಗೆ ಬಿಡುವುದಿಲ್ಲ, ಆದರೆ ಒಳಗಿನ ಆವಿಯನ್ನು ಹೊರಗೆ ಬಿಡುತ್ತದೆ. ನನಗೆ ತುಂಬಾ ಇಷ್ಟವಾದ ಗುಣ ಬೇರೆ. ಸಿಲಿಕೋನ್ ಒದ್ದೆ ಗಾಯಕ್ಕೆ ಅಂಟುವುದಿಲ್ಲ, ಸುತ್ತಲಿನ ಒಣ ಚರ್ಮವನ್ನಷ್ಟೇ ಹಿಡಿಯುತ್ತದೆ. ವಯಸ್ಸಾದವರ ತೆಳು ಚರ್ಮಕ್ಕೆ ಸಾಮಾನ್ಯ ಟೇಪ್ ಹಾಕಿ ಕಿತ್ತರೆ ಚರ್ಮವೇ ಸುಲಿದು ಬರುವುದುಂಟು. ಇದರಲ್ಲಿ ಆ ಕಾಟ ಬಹಳ ಕಡಿಮೆ. ಒಂದು ಮೂಲೆ ಎತ್ತಿ ಇಣುಕಿ ನೋಡಿ ಮತ್ತೆ ಒತ್ತಿದರೂ ಅಂಟುತ್ತದೆ.

ಹಾಕುವಾಗ ಸಲೈನ್‌ನಿಂದ ತೊಳೆದು, ಸುತ್ತಲಿನ ಚರ್ಮವನ್ನು ಒತ್ತಿ ಒಣಗಿಸಿ. ಅಲ್ಲಿ ಎಣ್ಣೆ, ಪೌಡರ್, ಕ್ರೀಮ್ ಇದ್ದರೆ ಅಂಟುವುದಿಲ್ಲ. ನಡುವಿನ ಪ್ಯಾಡ್ ಗಾಯದ ಅಂಚಿಗಿಂತ ಎರಡು ಸೆಂಟಿಮೀಟರ್‌ನಷ್ಟಾದರೂ ಆಚೆ ಇರಲಿ. ಎಳೆದು ಬಿಗಿದು ಅಂಟಿಸಬೇಡಿ, ಬೊಬ್ಬೆ ಏಳಬಹುದು. ನೊರೆ ಬರುವ ಹೈಡ್ರೋಜನ್ ಪೆರಾಕ್ಸೈಡ್ ಇದರ ಜೊತೆ ಬೇಡ, ಫೋಮ್ ಹಾಳಾಗುತ್ತದೆ.

ಯಾವಾಗ ಬದಲಿಸಬೇಕು ಅನ್ನುವುದನ್ನು ಡ್ರೆಸ್ಸಿಂಗೇ ಹೇಳುತ್ತದೆ. ಹೊರಗಿನಿಂದ ನೋಡಿದರೆ ರಸಿಗೆಯ ಕಲೆ ನಡುವಿನಿಂದ ಹರಡುತ್ತಾ ಬರುವುದು ಕಾಣುತ್ತದೆ. ಅದು ಪ್ಯಾಡಿನ ಅಂಚಿಗೆ ಹತ್ತಿರ ಬಂದಾಗ ಬದಲಿಸಿ. ರಸಿಗೆ ಕಮ್ಮಿ ಇದ್ದರೆ ಬಹಳಷ್ಟು ಬಗೆಗಳನ್ನು ಏಳು ದಿನದವರೆಗೂ ಇಡಬಹುದು. ಆದರೆ ಬೆನ್ನಿನ ಬುಡ ಅಲ್ವಾ, ಮಲ ಮೂತ್ರ ಅಡಿಗೆ ಹೋದರೆ ಆಗಲೇ ತೆಗೆಯಬೇಕು. ಸುತ್ತಲಿನ ಚರ್ಮ ನೀರಲ್ಲಿ ನೆನೆದ ಬೆರಳಿನ ಹಾಗೆ ಬೆಳ್ಳಗೆ ಸುಕ್ಕಾಗಿದ್ದರೆ ಬದಲಿಸುವುದು ತಡವಾಗಿದೆ ಎಂದರ್ಥ.

ಎಲ್ಲ ಗಾಯಕ್ಕೂ ಇದು ಹೊಂದುವುದಿಲ್ಲ. ಒಣಗಿ ಕಪ್ಪಾಗಿ ಗಟ್ಟಿಯಾದ ಹುಣ್ಣಿನ ಮೇಲೆ ಹಾಕಿ ಉಪಯೋಗವಿಲ್ಲ, ಹೀರಲು ಅಲ್ಲಿ ರಸಿಗೆಯೇ ಇರುವುದಿಲ್ಲ. ಆಳವಾಗಿ ಗುಳಿ ಬಿದ್ದಿದ್ದರೆ ಒಳಗೆ ಬೇರೆ ಏನಾದರೂ ತುಂಬಬೇಕಾಗುತ್ತದೆ, ಅದನ್ನು ನೀವೇ ಮಾಡಲು ಹೋಗಬೇಡಿ. ಕೆಟ್ಟ ವಾಸನೆ, ಹರಡುವ ಕೆಂಪು, ಬಿಸಿ, ಜ್ವರ, ಏರುವ ನೋವು, ಇವುಗಳಲ್ಲಿ ಯಾವುದು ಕಂಡರೂ ಅವತ್ತೇ ಡಾಕ್ಟರಿಗೆ ತೋರಿಸಿ. ಸಕ್ಕರೆ ಕಾಯಿಲೆ ಇದ್ದರೆ ನೋವು ಗೊತ್ತಾಗದೇ ಇರಬಹುದು, ಕಣ್ಣಲ್ಲೇ ನೋಡಬೇಕು.

ಇನ್ನೊಂದು, ಇದನ್ನು ಜನ ಕಿವಿಗೆ ಹಾಕಿಕೊಳ್ಳುವುದೇ ಇಲ್ಲ. ಬೆಡ್ ಸೋರ್ ಆಗುವುದು ಒತ್ತಡದಿಂದ. ಎಷ್ಟು ಒಳ್ಳೆಯ ಫೋಮ್ ಹಾಕಿದರೂ ಅಮ್ಮ ಅದರ ಮೇಲೇ ಮಲಗಿದ್ದರೆ ಹುಣ್ಣು ಮಾಯುವುದಿಲ್ಲ. ಮಗ್ಗುಲು ಬದಲಿಸುತ್ತಲೇ ಇರಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ಹುಣ್ಣಾಗುವ ಮೊದಲೇ ತಡೆಯಲಿಕ್ಕೂ ಈ ಡ್ರೆಸ್ಸಿಂಗ್ ಬಳಸುತ್ತಾರೆ. 2019ರ ಅಂತಾರಾಷ್ಟ್ರೀಯ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಹಾಗೆ ಹಾಕಿದಾಗ ಮಾತ್ರ ದಿನಾ ಮೂಲೆ ಎತ್ತಿ ಚರ್ಮ ಕೆಂಪಾಗಿದೆಯಾ ಅಂತ ನೋಡಿ ಮತ್ತೆ ಅಂಟಿಸಿ. ಈಗಿರುವ ಹುಣ್ಣಿನ ಡ್ರೆಸ್ಸಿಂಗ್ ಒಂದೇ ದಿನಕ್ಕೆ ತುಂಬಿ ಸೋರುತ್ತಿದ್ದರೆ ಸುಮ್ನೆ ಹೊಸದು ಹಾಕುತ್ತಾ ಹೋಗಬೇಡಿ. ಇದನ್ನು ಬರೆದುಕೊಟ್ಟವರಿಗೆ ಗಾಯವನ್ನು ಇನ್ನೊಮ್ಮೆ ತೋರಿಸಿ.