ಕೆಂಪು ನಕ್ಷತ್ರ ಯಾವ ಪಕ್ಷದ್ದು?

ದಾವಣಗೆರೆಯ ಓದುಗರೊಬ್ಬರ ಪತ್ರ: “ಫುಟ್‌ಬಾಲ್ ವಿಶ್ವಕಪ್ ಶುರು ಮಾಡಿದ ಜೂಲ್ ರಿಮೆ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅವರೇ ಕಟ್ಟಿದ ರೆಡ್ ಸ್ಟಾರ್ ಕ್ಲಬ್ ಬಗ್ಗೆ ಮಾತ್ರ ಒಂದೇ ಸಾಲು. ಅದು ಆಮೇಲೆ ಏನಾಯಿತು? ಹೆಸರು ನೋಡಿದರೆ ಕಮ್ಯುನಿಸ್ಟರ ಕ್ಲಬ್ ಅನ್ನಿಸುತ್ತದೆ, ಹೌದಾ? ನನ್ನ ಮಗಳು ಪ್ಯಾರಿಸ್‌ನಲ್ಲಿ ಓದುತ್ತಿದ್ದಾಳೆ. ಹೋಗಿ ನೋಡುವಂಥದ್ದು ಏನಾದರೂ ಉಳಿದಿದೆಯಾ?”

ಸಂಪಾದಕರ ಉತ್ತರ:

ಒಂದೇ ಸಾಲಲ್ಲಿ ಮುಗಿಸಿದ್ದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇವೆ.

ಮೊದಲು ಹೆಸರಿನ ವಿಷಯ. ಕ್ಲಬ್ ಹುಟ್ಟಿದ್ದು 1897ರಲ್ಲಿ, ರಷ್ಯಾದ ಕ್ರಾಂತಿಗೆ 20 ವರ್ಷ ಮೊದಲು. ರಿಮೆ ದೇವರಲ್ಲಿ ನಂಬಿಕೆಯಿದ್ದ ಕ್ಯಾಥೊಲಿಕ್. ಅಂದಿನ ಕ್ರೀಡಾ ಕ್ಲಬ್‌ಗಳು ಉಳ್ಳವರ ಕೂಟಗಳಾಗಿದ್ದವು. ತಮ್ಮ ಕ್ಲಬ್ಬಿನಲ್ಲಿ ಬಡವ, ಬಲ್ಲಿದ ಅನ್ನುವ ಭೇದ ಇರಬಾರದು ಅನ್ನುವುದು ಅವರ ಆಸೆ. ‘ರೆಡ್ ಸ್ಟಾರ್’ ಅನ್ನುವುದು ಒಂದು ಹಡಗು ಕಂಪನಿಯ ಹೆಸರು, ರಿಮೆ ಮನೆಯಲ್ಲಿದ್ದ ಇಂಗ್ಲಿಷ್ ಶಿಕ್ಷಕಿ ಅದನ್ನು ಸೂಚಿಸಿದಳು ಅಂತ ಕ್ಲಬ್ಬಿನವರು ಹೇಳಿಕೊಂಡು ಬಂದಿದ್ದಾರೆ. ಅಂದರೆ ಹೆಸರಿನಲ್ಲಿ ರಾಜಕೀಯ ಇರಲಿಲ್ಲ.

ಆದರೆ ಆ ಹೆಸರಿಗೆ ತಕ್ಕ ಊರು ಆಮೇಲೆ ಸಿಕ್ಕಿತು. 1909ರಲ್ಲಿ ಕ್ಲಬ್ ಪ್ಯಾರಿಸ್‌ನ ಉತ್ತರದ ಅಂಚಿನ ಸ್ಯಾಂತುವಾಂಗೆ ಬಂತು. ಕಾರ್ಖಾನೆಗಳ ಊರು, ಕೂಲಿಕಾರರ ಮನೆಗಳು, ಮುಂದೆ ಕಮ್ಯುನಿಸ್ಟರ ಕೋಟೆ. 1921, 22, 23, ಸತತ ಮೂರು ವರ್ಷ ಫ್ರೆಂಚ್ ಕಪ್ ಇಲ್ಲಿಗೇ ಬಂತು. ಮತ್ತೆ 1928ರಲ್ಲಿ, 1942ರಲ್ಲಿ. ಒಟ್ಟು 5 ಸಲ.

ನಾವು ಈ ಕ್ಲಬ್ಬನ್ನು ಇಷ್ಟು ಹಚ್ಚಿಕೊಂಡಿರುವುದಕ್ಕೆ ಕಾರಣ ಕಪ್‌ಗಳಲ್ಲ, ರಿನೊ ದೆಲ್ಲಾ ನೆಗ್ರಾ ಅನ್ನುವ ಹುಡುಗ. ಇಟಲಿಯಿಂದ ವಲಸೆ ಬಂದವರ ಮಗ. 1943ರಲ್ಲಿ ಫ್ರಾನ್ಸನ್ನು ಜರ್ಮನ್ನರು ಆಳುತ್ತಿದ್ದರು. ಅವನನ್ನೂ ಜರ್ಮನಿಗೆ ಕಡ್ಡಾಯ ದುಡಿಮೆಗೆ ಕರೆದರು. ಹೋಗಲಿಲ್ಲ, ತಲೆಮರೆಸಿಕೊಂಡ. ಮಿಸಾಕ್ ಮನುಶಿಯಾನ್ ಮುಂದಾಳತ್ವದ ವಲಸಿಗ ಹೋರಾಟಗಾರರ ಗುಂಪು ಸೇರಿದ. ಅಷ್ಟಾದರೂ ರೆಡ್ ಸ್ಟಾರ್ ಅಂಗಿ ತೊಟ್ಟು, ತನ್ನ ನಿಜವಾದ ಹೆಸರಲ್ಲೇ ಬಲಬದಿಯಲ್ಲಿ ಆಡುತ್ತಿದ್ದ! ಆ ಧೈರ್ಯ ಎಲ್ಲಿಂದ ಬಂತೋ ನಮಗಂತೂ ಊಹಿಸಲು ಆಗುವುದಿಲ್ಲ. ನವೆಂಬರ್‌ನಲ್ಲಿ ಗುಂಡೇಟು ತಿಂದು ಸಿಕ್ಕಿಬಿದ್ದ. 1944ರ ಫೆಬ್ರವರಿ 21ರಂದು ಮನುಶಿಯಾನ್ ಜೊತೆಗೇ ಅವನನ್ನೂ ಗುಂಡಿಟ್ಟು ಕೊಂದರು. 20 ವರ್ಷ. ತಮ್ಮನಿಗೆ ಬರೆದ ಕೊನೆಯ ಕಾಗದದಲ್ಲಿ ರೆಡ್ ಸ್ಟಾರ್‌ನ ಎಲ್ಲರಿಗೂ ನಮಸ್ಕಾರ ಮತ್ತು ವಿದಾಯ ತಿಳಿಸು ಅಂದಿದ್ದ. ಸಾಯುವ ದಿನ ಮನೆಯವರ ಜೊತೆ ತಂಡದವರೂ ನೆನಪಾದರು ನೋಡಿ.

ಮುಂದಿನದು ಏಳುಬೀಳಿನ ಕಥೆ. 1975ರಲ್ಲಿ ಮೊದಲ ದರ್ಜೆಯಿಂದ ಜಾರಿತು. 1978ರಲ್ಲಿ ದಿವಾಳಿ. 2003ರ ಹೊತ್ತಿಗೆ ಆರನೇ ದರ್ಜೆ. ಅಲ್ಲಿಂದ ಒಂದೊಂದೇ ಮೆಟ್ಟಿಲು ಹತ್ತಿ 2015ರಲ್ಲಿ ಎರಡನೇ ದರ್ಜೆಗೆ ಬಂದರೆ, ಮೈದಾನ ಹಳೆಯದು ಅಂತ ದೂರದ ಬೊವೆ ಊರಿಗೆ ಹೋಗಿ ಆಡಬೇಕಾಯಿತು. ಮತ್ತೆ ಬಿದ್ದು, 2024ರಲ್ಲಿ ಮೂರನೇ ದರ್ಜೆ ಗೆದ್ದು ಮತ್ತೆ ಎದ್ದಿತು. ಮಧ್ಯೆ 2022ರಲ್ಲಿ ಅಮೆರಿಕದ ಹೂಡಿಕೆ ಕಂಪನಿಯೊಂದು ಕ್ಲಬ್ಬನ್ನು ಕೊಂಡಾಗ ಅಭಿಮಾನಿಗಳು ಗಟ್ಟಿಯಾಗಿ ವಿರೋಧಿಸಿದರು. ಹಾಗೆ ವಿರೋಧಿಸುವ ಹಕ್ಕು ಅವರಿಗೆ ಖಂಡಿತ ಇತ್ತು. ದಿವಾಳಿಯಾದಾಗಲೂ ಬಿಟ್ಟುಹೋಗದೆ ಇದ್ದವರು ಅವರೇ ಅಲ್ವಾ?

ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ: ಕೆಂಪು ನಕ್ಷತ್ರ ಹುಟ್ಟಿದ್ದು ಯಾವ ಪಕ್ಷದ ಹೆಸರಲ್ಲೂ ಅಲ್ಲ. ಆ ಕೆಂಪಿಗೆ ಅರ್ಥ ಕೊಟ್ಟವರು ಸ್ಯಾಂತುವಾಂ ಜನ.

ಮಗಳಿಗೆ ಹೇಳಿ, ನಾಲ್ಕನೇ ಮೆಟ್ರೋ ಹಿಡಿದು ಉತ್ತರದ ಕಟ್ಟಕಡೆಯ ನಿಲ್ದಾಣದಲ್ಲಿ ಇಳಿಯಲಿ. ಹಳೇ ಸಾಮಾನಿನ ದೊಡ್ಡ ಸಂತೆ ಸಿಗುತ್ತದೆ. ಅದನ್ನು ದಾಟಿ ನಡೆದರೆ ಬಾವರ್ ಮೈದಾನ. ನಾಜಿಗಳು ಕೊಂದ ವೈದ್ಯರೊಬ್ಬರ ಹೆಸರು ಆ ಬೀದಿಗಿದೆ, ಮೈದಾನವನ್ನು ಜನ ಕರೆಯುವುದೂ ಅದರಿಂದಲೇ. 1924ರ ಒಲಿಂಪಿಕ್ಸ್ ಫುಟ್‌ಬಾಲ್ ಪಂದ್ಯಗಳೂ ಅಲ್ಲಿ ನಡೆದಿದ್ದವು. ಈಚೆಗೆ ಅದನ್ನು ಕೆಡವಿ ಹೊಸದಾಗಿ ಕಟ್ಟುವ ಕೆಲಸ ನಡೆದಿದೆ. ಪಂದ್ಯ ಇರುವ ದಿನ ಹೋದರೆ ಅಭಿಮಾನಿಗಳು ರಿನೊ ಹೆಸರಿಟ್ಟು ಕರೆಯುವ ಸ್ಟ್ಯಾಂಡಿನಲ್ಲೇ ಟಿಕೆಟ್ ತಗೊಳ್ಳಲಿ.