ಚಳಿಜ್ವರದ ಚೀಟಿ

ತಂಗಿ, ನೀನು ಕೇಳಿದ ಹತ್ತಾರು ಪ್ರಶ್ನೆಗಳ ಕೊನೆಯಲ್ಲಿ ಸಂಕೋಚದಿಂದ ಸೇರಿಸಿದ ಒಂದು ಸಾಲು ನನ್ನನ್ನು ಎರಡು ದಿನ ಕಾಡಿತು: “ಹೋದ ಮಳೆಗಾಲದಲ್ಲಿ ಮುದ್ದೇಬಿಹಾಳದಲ್ಲಿದ್ದಾಗ ಮಲೇರಿಯಾ ಆಗಿತ್ತು, ಈಗ ನನಗೆ ಐದು ತಿಂಗಳು, ಇಂಗ್ಲೆಂಡಿನ ಡಾಕ್ಟರರಿಗೆ ಅದನ್ನು ಹೇಳಬೇಕೇ?” ಉಳಿದವಕ್ಕೆ ಬೇಗ ಉತ್ತರಿಸಿಬಿಡುತ್ತೇನೆ. ಜೋಳದ ಹಿಟ್ಟು ಇಲ್ಲಿ ಗುಜರಾತಿಗಳ ಅಂಗಡಿಯಲ್ಲಿ ಸಿಗುತ್ತದೆ, ಆದರೆ ಹಳೆಯದಾಗಿರುವುದರಿಂದ ಬಡಿಯುವಾಗ ರೊಟ್ಟಿ ಹರಿಯುತ್ತದೆ. ಚಳಿಯ ಕೋಟನ್ನು ಇಲ್ಲಿಗೆ ಬಂದೇ ಕೊಳ್ಳು. ಬಾಡಿಗೆಯ ವಿಚಾರವನ್ನು ನಿನ್ನ ಯಜಮಾನರು ಆಫೀಸಿನವರನ್ನೇ ಕೇಳುವುದು ಲೇಸು. ಬಾಣಂತನಕ್ಕೆ ಅವ್ವನನ್ನು ಹೇಗಾದರೂ ಕರೆಸಿಕೋ. ನನಗೆ ಅದು ಆಗಲಿಲ್ಲ.

ಇನ್ನು ಆ ಕೊನೆಯ ಸಾಲಿಗೆ ಬಂದರೆ, ಅವರು ಕೇಳದಿದ್ದರೂ ನೀನಾಗಿಯೇ ಹೇಳಬೇಕು.

ನಾನು 2004ರಲ್ಲಿ ಬಾಗಲಕೋಟೆಯ ನವನಗರದಲ್ಲಿ ಕುಬಸ ಮುಗಿಸಿಕೊಂಡು, ಹಸಿರು ಬಳೆ ತೊಟ್ಟ ಕೈಯಲ್ಲೇ ಲೀಡ್ಸಿಗೆ ಬಂದಿಳಿದೆ. ಮೊದಲ ಭೇಟಿಯಲ್ಲಿ ಮಿಡ್‌ವೈಫ್ ಫಾರ್ಮ್ ತುಂಬುತ್ತ, ಇತ್ತೀಚೆಗೆ ಏನಾದರೂ ಕಾಯಿಲೆಯಾಗಿತ್ತೇ ಎಂದು ಕೇಳಿದರು. ವರ್ಷದ ಹಿಂದೆ ಚಳಿಜ್ವರ ಬಂದಾಗ ಮೂರು ದಿನ ರಕ್ತದಲ್ಲಿಯ ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್ ನುಂಗಿ, ಯಕೃತ್ತಿನಲ್ಲಿ ಅಡಗಿದ್ದನ್ನು ಕೊಲ್ಲಲು 14 ದಿನ ತೆಗೆದುಕೊಳ್ಳಬೇಕಾಗಿದ್ದ ಪ್ರೈಮಾಕ್ವಿನ್ ಗುಳಿಗೆಯನ್ನು ಐದನೆಯ ದಿನಕ್ಕೇ ಬಿಟ್ಟಿದ್ದೆ. ಹಿನ್ನೀರಿನ ದಂಡೆಯವರಿಗೆ ಅದೂ ಒಂದು ಕಾಯಿಲೆಯೇ? “ಇಲ್ಲ” ಎಂದೆ. ನಮ್ಮದನ್ನು ರೋಗದ ಊರೆಂದುಕೊಂಡಾರು ಎಂಬ ಬಿಗುಮಾನವೂ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಎಂಟನೆಯ ತಿಂಗಳಲ್ಲಿ ಎರಡು ದಿನ ಮೈ ನಡುಗಿದ್ದನ್ನು ಇಲ್ಲಿಯ ಥಂಡಿಯ ತಲೆಗೆ ಕಟ್ಟಿದೆ.

ಮಗಳು ಹುಟ್ಟಿದ ಹತ್ತೊಂಬತ್ತನೆಯ ದಿನ ಮೊಲೆ ಹಿಡಿಯಲಿಲ್ಲ. ಮೈ ಕಾದಿತ್ತು, ಅಂಗಾಲು ಬಿಳಿಚಿಕೊಂಡಿತ್ತು. ಆಸ್ಪತ್ರೆಯಲ್ಲಿ ರಕ್ತಕ್ಕೆ ಸೋಂಕು ತಗಲಿದೆಯೆಂದು ಆಂಟಿಬಯಾಟಿಕ್ ಕೊಟ್ಟರು, ಬೆನ್ನಿನಿಂದ ನೀರು ತೆಗೆದು ನೋಡಿದರು, ಜ್ವರ ಇಳಿಯಲಿಲ್ಲ. ಮಲೇರಿಯಾ ಹರಡದ ನಾಡಿನಲ್ಲಿ ಹುಟ್ಟಿ, ಮನೆಯ ಹೊಸ್ತಿಲನ್ನೂ ಸರಿಯಾಗಿ ದಾಟದ ಕೂಸಿಗೆ ಅದೇ ಆಗಿದೆಯೆಂದು ಯಾರಿಗಾದರೂ ಹೇಗೆ ಹೊಳೆದೀತು? ನಾಲ್ಕನೆಯ ದಿನ ಲ್ಯಾಬಿನವರೊಬ್ಬರು ಗಾಜಿನ ಮೇಲೆ ಸವರಿದ ರಕ್ತದಲ್ಲಿ ವೈವ್ಯಾಕ್ಸ್ ಎಂಬ ಬಗೆಯ ಮಲೇರಿಯಾ ಕಂಡರು. ವೈದ್ಯರು ಓಡಿಬಂದು ಕೇಳಿದ್ದು ನನ್ನ ಜ್ವರದ ಬಗ್ಗೆ.

ವೈವ್ಯಾಕ್ಸ್ ಪರೋಪಜೀವಿ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಮತ್ತೆ ರಕ್ತಕ್ಕೆ ಇಳಿಯುತ್ತದೆ, ಅಲ್ಲಿಂದ ಮಾಸಿನ ಮೂಲಕವೋ ಹೆರಿಗೆಯ ಹೊತ್ತಿನಲ್ಲೋ ಕೂಸಿಗೆ ದಾಟುತ್ತದೆ, ಲಕ್ಷಣಗಳು ಹೆಚ್ಚಾಗಿ ಎರಡು ಮೂರು ವಾರ ಕಳೆದ ಮೇಲೆ ಕಾಣುತ್ತವೆ ಎಂದು ಅವರೇ ತಿಳಿಸಿದರು. ಸೊಳ್ಳೆಯಿಂದ ಬಾರದೆ ರಕ್ತದಿಂದಲೇ ಬಂದದ್ದರಿಂದ ಅದು ಮಗಳ ಯಕೃತ್ತಿನಲ್ಲಿ ಅಡಗಿರಲಿಲ್ಲ. ಕ್ಲೋರೋಕ್ವಿನ್ ಒಂದೇ ಸಾಕಾಯಿತು. ನನಗೆ ಮಾತ್ರ, ನನ್ನದೂ ಹಾಲು ಕುಡಿಯುವ ಕೂಸಿನದೂ ಜಿ6ಪಿಡಿ ಪರೀಕ್ಷೆ (ಈ ಕಿಣ್ವ ಕಡಿಮೆಯಿದ್ದವರಲ್ಲಿ ಪ್ರೈಮಾಕ್ವಿನ್ ರಕ್ತಕಣಗಳನ್ನು ಒಡೆಯುತ್ತದೆ) ಮಾಡಿಸಿದ ಮೇಲೆ, ಪೂರ್ತಿ ಪ್ರೈಮಾಕ್ವಿನ್ ಕೊಟ್ಟರು. ಅವಳೀಗ ಕಾಲೇಜಿಗೆ ಹೋಗುತ್ತಾಳೆ. ಆ ನಾಲ್ಕು ದಿನಗಳ ಸೂಜಿಗಳು ನನ್ನೊಂದು “ಇಲ್ಲ”ದಿಂದ ಚುಚ್ಚಿದವೆಂಬುದು ನನಗೆ ಇಂದಿಗೂ ಮರೆತಿಲ್ಲ.

ಬಸುರಿಯಲ್ಲಿ ಪ್ರೈಮಾಕ್ವಿನ್ ಕೊಡುವುದಿಲ್ಲವಾದ್ದರಿಂದ, ಅರ್ಧಕ್ಕೆ ಬಿಟ್ಟ ಗುಳಿಗೆ ಮನೆಯಲ್ಲಿದ್ದರೆ ಈಗ ಮುಟ್ಟಬೇಡ. ಮುದ್ದೇಬಿಹಾಳದಲ್ಲಿ ರಕ್ತ ತಪಾಸಣೆ ಮಾಡಿದ ಚೀಟಿಯನ್ನು ಹುಡುಕಿಸು, ಅದರಲ್ಲಿ ವೈವ್ಯಾಕ್ಸ್ ಎಂದಿದೆಯೋ ಮಲೇರಿಯಾದ ಇನ್ನೊಂದು ಬಗೆಯಾದ ಫಾಲ್ಸಿಪಾರಂ ಎಂದಿದೆಯೋ ನೋಡಿಕೋ, ಶೇಂಗಾ ಹಿಂಡಿಯ ಜೊತೆ ಸೂಟ್‌ಕೇಸಿನಲ್ಲಿ ತುಂಬದೆ ಕೈಚೀಲದಲ್ಲೇ ಇಟ್ಟುಕೊಂಡು ಬಾ.